ಎಂ.ಎಸ್. ಸರ್ಜರಿ ಪ್ರಾಕ್ಟಿಕಲ್: ಲಾಂಗ್ ಕೇಸ್ ಕೈಕೊಡದಂತೆ ತಯಾರಾಗುವುದು ಹೇಗೆ?

ಎಂ.ಎಸ್. ಜನರಲ್ ಸರ್ಜರಿಯ ಕೊನೆಯ ಪರೀಕ್ಷೆಯಲ್ಲಿ ತಲಾ 100 ಅಂಕದ ನಾಲ್ಕು ಥಿಯರಿ ಪತ್ರಿಕೆಗಳಿವೆ. ಅವನ್ನು ಚೆನ್ನಾಗಿ ಬರೆದವರೂ ಪ್ರಾಕ್ಟಿಕಲ್‌ನಲ್ಲಿ, ಅದರಲ್ಲೂ ಒಬ್ಬ ರೋಗಿಯನ್ನು ಪೂರ್ತಿ ವಿಚಾರಿಸಿ, ಪರೀಕ್ಷಿಸಿ, ಪರೀಕ್ಷಕರಿಗೆ ವಿವರಿಸುವ ಲಾಂಗ್ ಕೇಸಿನಲ್ಲಿ ಮುಗ್ಗರಿಸುತ್ತಾರೆ. ಎರಡನ್ನೂ ಬೇರೆಬೇರೆಯಾಗಿಯೇ ಪಾಸು ಮಾಡಬೇಕಾದ್ದರಿಂದ ಥಿಯರಿಯ ಅಂಕ ಇಲ್ಲಿ ನೆರವಿಗೆ ಬರುವುದಿಲ್ಲ. ಮೂರು ವರ್ಷ ಹರ್ನಿಯಾ (ಹೊಟ್ಟೆಯೊಳಗಿನ ಕರುಳು ಮುಂತಾದವು ತೊಡೆಸಂದಿಯಂಥ ಕಡೆ ಹೊರಚಾಚುವುದು) ಆಪರೇಷನ್ ಮಾಡಿದವರು ಹರ್ನಿಯಾ ಕೇಸಿನಲ್ಲೇ ತಡವರಿಸುತ್ತಾರೆ. ಓದು ಕಡಿಮೆಯಾಗಿರುವುದಿಲ್ಲ, ಕ್ರಮವಾಗಿ ಮುಟ್ಟಿ ನೋಡಿ, ಅದನ್ನು ಬಾಯಿಬಿಟ್ಟು ಹೇಳಿದ ರೂಢಿ ಇರುವುದಿಲ್ಲ.

ಹಂತ 1: ಥೀಸಿಸ್, ಲಾಗ್‌ಬುಕ್. ಥೀಸಿಸ್ ಪರೀಕ್ಷೆಗೆ ಆರು ತಿಂಗಳ ಮೊದಲೇ ಸಲ್ಲಿಕೆಯಾಗಿರಬೇಕು. ಲಾಗ್‌ಬುಕ್‌ಗೆ ಸಹಿಗಳನ್ನು ಆಗಿಂದಾಗ ಹಾಕಿಸಿಕೊಳ್ಳಿ.

ಹಂತ 2: ಥಿಯರಿ. ವಾರಕ್ಕೊಂದು ಪತ್ರಿಕೆಯನ್ನು ಮೂರು ಗಂಟೆ ಕೂತು ಕೈಯಲ್ಲೇ ಬರೆಯಿರಿ, ಚಿತ್ರಗಳ ಸಮೇತ.

ಹಂತ 3: ಕೇಸ್ ನೋಡುವುದು. ಕೊನೆಯ ಆರು ತಿಂಗಳು ದಿನಕ್ಕೊಂದು ಕೇಸ್ ಹೇಳಿಯೇ ತೀರಬೇಕು. ಇನ್ನೊಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಗಡಿಯಾರ ಹಿಡಿದು ಕೂತಿರಲಿ. ಹರ್ನಿಯಾ, ಥೈರಾಯ್ಡ್, ಸ್ತನದ ಗಂಟು, ವೆರಿಕೋಸ್ ವೇನ್ (ಕಾಲಿನ ಉಬ್ಬಿದ ಸಿರೆ), ಕಾಲಿನ ರಕ್ತನಾಳದ ತೊಂದರೆ, ಅಬ್‌ಸ್ಟ್ರಕ್ಟಿವ್ ಜಾಂಡೀಸ್ (ಪಿತ್ತನಾಳ ಕಟ್ಟಿ ಬರುವ ಕಾಮಾಲೆ), ಹೊಟ್ಟೆಯ ಗಡ್ಡೆ: ಇಷ್ಟು ಗಟ್ಟಿಯಾದರೆ ದೊಡ್ಡ ಪಾಲು ಮುಗಿದಂತೆ. ಸೀನಿಯರ್‌ಗಳಿಂದ ಕೈಬದಲಾಗುತ್ತ ಬಂದ ಪಿಡಿಎಫ್ ಕೇಸ್‌ಶೀಟ್‌ಗಳನ್ನು ಬಾಯಿಪಾಠ ಮಾಡಬೇಡಿ. ಅದರಲ್ಲಿರುವ ರೋಗಿಗೂ ನಿಮ್ಮೆದುರು ಮಲಗಿರುವ ರೋಗಿಗೂ ಸಂಬಂಧವಿಲ್ಲ ಎಂಬುದು ಪರೀಕ್ಷಕರಿಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಹೊರರಾಜ್ಯದಿಂದ ಬಂದವರು ರೋಗಿಯ ಕನ್ನಡವನ್ನೂ ಕಲಿಯಬೇಕು. ‘ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ’ ಎಂದರೆ ಅದು ಕ್ಲಾಡಿಕೇಶನ್, ಅಂದರೆ ರಕ್ತ ಸಾಲದೆ ಬರುವ ಕಾಲುನೋವು. ‘ಜೋಮು’ ಎಂದರೆ ನರದ ತೊಂದರೆಯ ದಾರಿ ಹಿಡಿಯಬೇಕು.

ಹಂತ 4: ಚೀಲ. ಟೇಪು, ಟಾರ್ಚು, ಚರ್ಮದ ಮೇಲೆ ಬರೆಯುವ ಪೆನ್ನು, ಮೂರು ರಬ್ಬರ್ ಟೂರ್ನಿಕೆಟ್ (ಬಿಗಿಯಲು ಕಟ್ಟುವ ಪಟ್ಟಿ), ಹತ್ತಿ, ಗ್ಲೌಸು, ಜೆಲ್ಲಿ. ಟ್ರಾನ್ಸಿಲ್ಯುಮಿನೇಶನ್‌ಗೆ (ಊತದ ಮೂಲಕ ಬೆಳಕು ಹಾಯಿಸಿ ನೋಡುವುದಕ್ಕೆ) ಮೊಬೈಲ್ ಫ್ಲ್ಯಾಶ್ ಬೇಡ: ಅದು ಚರ್ಮಕ್ಕೆ ಒತ್ತಿ ಕೂರುವುದಿಲ್ಲ, ಬೆಳಕು ಸುತ್ತಲೂ ಸೋರುತ್ತದೆ. ಸಣ್ಣ ಮೂತಿಯ ಪೆನ್‌ಟಾರ್ಚು ಮತ್ತು ಕೊಳವೆಯಾಗಿ ಸುತ್ತಿದ ಕಪ್ಪು ಕಾಗದ ಸಾಕು. ಜಗ್ಗಿದರೆ ಉದ್ದವಾಗುವ ಅಗ್ಗದ ಬಟ್ಟೆ ಟೇಪನ್ನೂ ಬಿಟ್ಟುಬಿಡಿ.

ಹಂತ 5: ಲಾಂಗ್ ಕೇಸ್. ಸಾಮಾನ್ಯವಾಗಿ ಸಿಗುವುದು 45 ನಿಮಿಷ. 15 ನಿಮಿಷ ಹಿಸ್ಟರಿ, 20 ಪರೀಕ್ಷೆ, ಉಳಿದ ಹತ್ತರಲ್ಲಿ ಡಯಾಗ್ನೋಸಿಸ್ ಬರೆದು, ಅನುಮಾನವಿದ್ದದ್ದನ್ನು ಮತ್ತೆ ಮುಟ್ಟಿ ನೋಡುವುದು. ಅರ್ಧ ಗಂಟೆ ಹಿಸ್ಟರಿ ಬರೆಯುತ್ತ ಕೂತವರು ಕೊನೆಗೆ ರೋಗಿಯನ್ನು ನಿಲ್ಲಿಸಿ ನೋಡುವುದನ್ನೇ ಮರೆಯುತ್ತಾರೆ.

ಹರ್ನಿಯಾವನ್ನೇ ತೆಗೆದುಕೊಳ್ಳಿ. ಊತ ಯಾವಾಗಿನಿಂದ ಎಂಬುದಕ್ಕಿಂತ ಯಾಕೆ ಬಂತು ಎಂಬುದು ಮುಖ್ಯ. ಕೆಮ್ಮು ಇದೆಯಾ, ಮಲಬದ್ಧತೆ ಇದೆಯಾ, ಒಂದಕ್ಕೆ ಹೋಗುವಾಗ ತಿಣುಕಬೇಕಾ, ರಾತ್ರಿ ಎಷ್ಟು ಸಲ ಏಳುತ್ತೀರಿ? ಇವನ್ನು ಬಿಟ್ಟರೆ ಮೂತ್ರಕ್ಕೆ ಅಡ್ಡಿ ಮಾಡುವ ಪ್ರೋಸ್ಟೇಟ್ ಗ್ರಂಥಿಯ ತೊಂದರೆ ತಪ್ಪಿಹೋಗುತ್ತದೆ. ಅದನ್ನು ವಿಚಾರಿಸದೆ ಹರ್ನಿಯಾ ಹೊಲಿಯಲು ಹೊರಟವರನ್ನು ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಮೊದಲು ನಿಲ್ಲಿಸಿ ನೋಡಿ, ಕೆಮ್ಮಿಸಿ, ಆಮೇಲೆ ಮಲಗಿಸಿ. ಊತದ ಮೇಲ್ತುದಿ ಬೆರಳಿಗೆ ಸಿಕ್ಕಿದರೆ ಅದು ವೃಷಣಚೀಲದ್ದೇ ಊತ, ಹರ್ನಿಯಾ ಅಲ್ಲ. ಒಳಗೆ ತಳ್ಳುವ ಕೆಲಸವನ್ನು ರೋಗಿಗೇ ಬಿಡಿ, ದಿನಾ ಮಾಡುವವರು ಅವರೇ. ಗುಳುಗುಳು ಸದ್ದಾಗಿ, ಮೊದಲ ಭಾಗ ಕಷ್ಟದಿಂದ ಹೋಗಿ ಕೊನೆಯದು ಸಲೀಸಾಗಿ ಜಾರಿದರೆ ಒಳಗಿರುವುದು ಕರುಳು. ಇದು ತಿರುಗುಮುರುಗಾದರೆ ಒಮೆಂಟಮ್ (ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪದರ).

ಹೆಚ್ಚು ಜನ ತಪ್ಪುವುದು ಡೀಪ್ ರಿಂಗ್ ಟೆಸ್ಟ್‌ನಲ್ಲಿ. ತೊಡೆಸಂದಿಯ ಕಾಲುವೆಯ ಒಳಬಾಯಿಯೇ ಡೀಪ್ ರಿಂಗ್: ಅದರ ಮೂಲಕ ಇಳಿದರೆ ಇಂಡೈರೆಕ್ಟ್ ಹರ್ನಿಯಾ, ಕಾಲುವೆಯ ಹಿಂದಿನ ಗೋಡೆಯನ್ನೇ ನೂಕಿ ಬಂದರೆ ಡೈರೆಕ್ಟ್. ಸೊಂಟದ ಮುಂಭಾಗದ ಎಲುಬಿನ ತುದಿಯಿಂದ (ಎಎಸ್‌ಐಎಸ್) ಪ್ಯೂಬಿಕ್ ಟ್ಯೂಬರ್ಕಲ್‌ವರೆಗೆ (ಜನನಾಂಗದ ಮೇಲಿನ ಎಲುಬಿನ ಪಕ್ಕದ ಸಣ್ಣ ಗುಬುಟು) ಟೇಪ್ ಹಿಡಿದು, ನಡುವಿಗೆ ಗುರುತು ಹಾಕಿ, ಅದರಿಂದ ಸುಮಾರು 1.25 ಸೆಂ.ಮೀ. ಮೇಲೆ ಹೆಬ್ಬೆರಳು ಒತ್ತಿ ಕೆಮ್ಮಿಸಬೇಕು. ಊತ ಬಾರದಿದ್ದರೆ ಇಂಡೈರೆಕ್ಟ್, ಬಂದರೆ ಡೈರೆಕ್ಟ್. ಅವಸರದಲ್ಲಿ ಟ್ಯೂಬರ್ಕಲ್ ಬದಲು ಪ್ಯೂಬಿಕ್ ಸಿಂಫಿಸಿಸ್‌ವರೆಗೆ (ಅದೇ ಎಲುಬಿನ ನಟ್ಟನಡುವಿನ ಕೀಲು) ಅಳೆಯುತ್ತಾರೆ. ಅದು ಫಿಮೊರಲ್ (ತೊಡೆಯ) ನಾಡಿ ಹುಡುಕುವ ಗುರುತು. ಆಗ ಹೆಬ್ಬೆರಳು ರಿಂಗ್‌ನಿಂದ ಒಳಬದಿಗೆ ಸರಿಯುತ್ತದೆ, ಇಂಡೈರೆಕ್ಟ್ ಹರ್ನಿಯಾ ಪಕ್ಕದಿಂದ ನುಸುಳಿ ಬರುತ್ತದೆ, ನೀವು ಡೈರೆಕ್ಟ್ ಎಂದುಬಿಡುತ್ತೀರಿ. ಊತ ಪೂರ್ತಿ ಒಳಹೋಗದೆ ಈ ಟೆಸ್ಟ್ ಮಾಡಿದರೂ ವ್ಯರ್ಥ. ಇದು ನೂರಕ್ಕೆ ನೂರು ನಂಬುವಂಥದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಿ: ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳಗಳ ಯಾವ ಪಕ್ಕದಿಂದ ಬಂದಿದೆ ಎಂಬುದು ಆಪರೇಷನ್ ಟೇಬಲ್ ಮೇಲೆಯೇ ಖಚಿತವಾಗುವುದು. ಇನ್ನೊಂದು ಪಕ್ಕ, ಹೊಟ್ಟೆ, ಎದೆ ನೋಡಿ. ಗುದಪರೀಕ್ಷೆ ಮಾಡಲಾಗದಿದ್ದರೆ ಮಾಡಿಲ್ಲ ಎಂದೇ ಹೇಳಿ, ಮಾಡಿದಂತೆ ನಟಿಸಬೇಡಿ.

ಹಂತ 6: ಹೇಳುವುದು. ಡಯಾಗ್ನೋಸಿಸ್ ಒಂದೇ ಉಸಿರಿನಲ್ಲಿ ಬರಲಿ: ‘ಬಲಗಡೆಯ, ಇಂಡೈರೆಕ್ಟ್, ಇನ್‌ಕಂಪ್ಲೀಟ್, ರೆಡ್ಯೂಸಿಬಲ್ ಇಂಗ್ವಿನಲ್ ಹರ್ನಿಯಾ, ಒಳಗಿರುವುದು ಕರುಳು, ಕಾಂಪ್ಲಿಕೇಶನ್ ಇಲ್ಲ, ಜೊತೆಗೆ ಪ್ರೋಸ್ಟೇಟ್ ಲಕ್ಷಣಗಳಿವೆ.’ (ಇನ್‌ಕಂಪ್ಲೀಟ್ ಎಂದರೆ ವೃಷಣಚೀಲದ ತಳದವರೆಗೆ ಇಳಿಯದ್ದು, ರೆಡ್ಯೂಸಿಬಲ್ ಎಂದರೆ ಒಳಗೆ ತಳ್ಳಲು ಬರುವಂಥದ್ದು, ಇಂಗ್ವಿನಲ್ ಎಂದರೆ ತೊಡೆಸಂದಿಯದ್ದು.) ‘ಇರಬಹುದು, ಇಲ್ಲದಿರಲೂಬಹುದು’ ಎಂದು ಜಾರಿಕೊಳ್ಳುವವರಿಗಿಂತ, ತಪ್ಪಾದರೂ ಕಾರಣ ಕೊಟ್ಟು ನಿಲ್ಲುವವರು ವಾಸಿ. ಹಾಗೆಂದು ಹೊಸ ಸೂಚನೆ ಸಿಕ್ಕ ಮೇಲೂ ಹಟ ಹಿಡಿಯಬಾರದು. ನೀವೇ ಮಾಡಿರದ ಲ್ಯಾಪರೊಸ್ಕೋಪಿಕ್ ವಿಧಾನದ ಹೆಸರನ್ನು ಮೊದಲು ಎತ್ತಬೇಡಿ. ಮುಂದಿನ ಹತ್ತು ಪ್ರಶ್ನೆ ಅದರ ಮೇಲೆಯೇ ಬರುತ್ತವೆ. ತೆರೆದು ಮೆಶ್ (ಬಲೆ) ಕೂರಿಸುವ ಲಿಕ್ಟೆನ್‌ಸ್ಟೈನ್ ವಿಧಾನ ಎನ್ನಿ. ಮೆಶ್ ಪ್ಯೂಬಿಕ್ ಟ್ಯೂಬರ್ಕಲ್ ದಾಟಿ ಸುಮಾರು 2 ಸೆಂ.ಮೀ. ಯಾಕೆ ಚಾಚಬೇಕು, ಕಾಪಾಡಬೇಕಾದ ಮೂರು ನರಗಳು ಯಾವುವು ಎಂಬುದು ನಾಲಿಗೆಯ ತುದಿಯಲ್ಲಿರಲಿ.

ಹಂತ 7: ಶಾರ್ಟ್ ಕೇಸ್ (ಕಡಿಮೆ ಹೊತ್ತಿನಲ್ಲಿ ಒಂದೇ ತೊಂದರೆಯನ್ನು ಪರೀಕ್ಷಿಸಿ ಹೇಳುವುದು). ನೇರ ಗಂಟಿಗೆ ಕೈಹಾಕಿ, ಆದರೆ ಕ್ರಮ ಬಿಡಬೇಡಿ. ಥೈರಾಯ್ಡ್ ಗಂಟು ನುಂಗುವಾಗ ಮೇಲೇರುವುದನ್ನು ನೋಡಲು ಒಂದು ಲೋಟ ನೀರು ತರಿಸಿ. ಒಣಗಂಟಲಲ್ಲಿ ಮತ್ತೆಮತ್ತೆ ನುಂಗಿ ಎಂದರೆ ರೋಗಿಗೆ ಆಗುವುದಿಲ್ಲ. ವೆರಿಕೋಸ್ ವೇನನ್ನು ಮಲಗಿಸಿ ನೋಡಿ ‘ಏನೂ ಕಾಣುತ್ತಿಲ್ಲ’ ಎನ್ನುವವರು ಪ್ರತಿ ವರ್ಷ ಇರುತ್ತಾರೆ. ಸ್ತನದ ಗಂಟು ‘ನಿಂಬೆಹಣ್ಣಿನಷ್ಟು’ ಎನ್ನಬೇಡಿ, ಸೆಂಟಿಮೀಟರಿನಲ್ಲಿ ಹೇಳಿ. ಕ್ಯಾನ್ಸರ್ ಗಡ್ಡೆಯ ಹಂತ (ಟಿ) ಅದರ ಮೇಲೆ ನಿಂತಿದೆ: 2ರವರೆಗೆ ಟಿ1, 5ರವರೆಗೆ ಟಿ2, ದಾಟಿದರೆ ಟಿ3. ಚರ್ಮಕ್ಕೆ ಹಬ್ಬಿ ಹುಣ್ಣಾಗಿದ್ದರೆ ಅಳತೆ ಎಷ್ಟಿದ್ದರೂ ಟಿ4.

ಹಂತ 8: ವೈವಾ (ಮೌಖಿಕ ಪರೀಕ್ಷೆ). ಉಪಕರಣವನ್ನು ಥಿಯೇಟರಿನಲ್ಲಿ ಹಿಡಿಯುವಂತೆಯೇ ಹಿಡಿದು ಹೆಸರು ಹೇಳಿ. ಎಕ್ಸ್‌ರೇಯಲ್ಲಿ ಕರುಳು ಉಬ್ಬಿದೆಯೇ ಎನ್ನಲು 3-6-9 ನೆನಪಿಡಿ: ಸಣ್ಣಕರುಳು 3 ಸೆಂ.ಮೀ., ದೊಡ್ಡಕರುಳು 6, ಸೀಕಮ್ (ದೊಡ್ಡಕರುಳಿನ ಆರಂಭದ ಚೀಲ) 9 ದಾಟಿದರೆ ಉಬ್ಬಿದೆ ಎಂದರ್ಥ.

ಇನ್ನು ರೋಗಿಯ ವಿಷಯ. ಅಂದು ಬೆಳಗಿನಿಂದ ಎಷ್ಟೋ ಕೈಗಳು ಅವರನ್ನು ಮುಟ್ಟಿರುತ್ತವೆ. ಕೈ ಬೆಚ್ಚಗೆ ಮಾಡಿಕೊಂಡು, ನೋವಿರುವ ಜಾಗವನ್ನು ಕೊನೆಗೆ ಮುಟ್ಟಿ, ಮುಗಿದ ಕೂಡಲೇ ಹೊದಿಕೆ ಹೊದಿಸಿ. ಹೀಗೆ ನಡೆದುಕೊಂಡರೆ ‘ಹಿಂದೆ ಬಯಾಪ್ಸಿ ಮಾಡಿದ್ರು ಡಾಕ್ಟ್ರೇ’ ಎಂದು ಅವರೇ ಹೇಳುವುದೂ ಉಂಟು.