ಇಂಡಿಯಾ ಮಾರ್ಕ್ 2: ಬಿಚ್ಚಿ ಜೋಡಿಸುವವರ ಕಣ್ಣಲ್ಲಿ ಒಂದು ಕೈಪಂಪು

ಒಳ್ಳೆಯ ವಿನ್ಯಾಸಕ್ಕೆ ಉದಾಹರಣೆ ಕೊಡಿ ಎಂದರೆ ನಾನು ಶಾಲೆಯ ಮುಂದೆ, ಗುಡಿಯ ಪಕ್ಕ ನಿಂತಿರುವ ಬೋರ್‌ವೆಲ್ ಕೈಪಂಪನ್ನೇ ತೋರಿಸುತ್ತೇನೆ. ಅದು ಇಂಡಿಯಾ ಮಾರ್ಕ್ 2. ಬೆಳಗಿನಿಂದ ಸಂಜೆಯವರೆಗೆ ಊರವರೆಲ್ಲ ಒತ್ತುತ್ತಾರೆ, ಮಕ್ಕಳು ಹಿಡಿಗೆ ಜೋತುಬೀಳುತ್ತಾರೆ, ಬಿಸಿಲು ಮಳೆ ಎರಡಕ್ಕೂ ಮರೆಯಿಲ್ಲ. ಆದರೂ ಅದು ವರ್ಷಗಟ್ಟಲೆ ನೀರು ಕೊಡುತ್ತದೆ. ಯಾವ ಭಾಗ ಸವೆಯಬೇಕು, ಯಾವುದು ಸವೆಯಲೇಬಾರದು, ಸವೆದದ್ದನ್ನು ಎಷ್ಟು ಸಾಮಾನಿನಿಂದ ಬದಲಿಸಬಹುದು ಎಂಬುದನ್ನು ಮೊದಲೇ ಯೋಚಿಸಿ ಮಾಡಿದ ಯಂತ್ರ ಇದು. ಬಿಚ್ಚಿ ಜೋಡಿಸುವವರಿಗೆ ಈ ಯೋಚನೆ ಪ್ರತಿ ನಟ್ಟಿನಲ್ಲೂ ಕಾಣುತ್ತದೆ.

1966-67ರ ಬರದ ನಂತರ ಗಟ್ಟಿ ಬಂಡೆಯ ಪ್ರದೇಶಗಳಲ್ಲಿ ಯುನಿಸೆಫ್ ನೆರವಿನಿಂದ ಕೊಳವೆಬಾವಿಗಳನ್ನು ಕೊರೆಸಲಾಯಿತು. ಅವುಗಳ ಮೇಲೆ ಕೂರಿಸಿದ್ದು ಒಂದು ಮನೆಯ ಬಳಕೆಗೆಂದು ಮಾಡಿದ್ದ ಎರಕದ ಕಬ್ಬಿಣದ ಪಂಪುಗಳನ್ನು. ಊರೇ ಒತ್ತಿದಾಗ ಅವು ತಾಳಲಿಲ್ಲ. ಸೊಲ್ಲಾಪುರದಲ್ಲಿ ಆಗಲೇ ಉಕ್ಕಿನ ಒಂದು ಗಟ್ಟಿ ಪಂಪು ತಯಾರಾಗುತ್ತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಸರಕಾರ, ಯುನಿಸೆಫ್, ಯಂತ್ರ ಸಂಶೋಧನೆಯ ಮೆರಾಡೊ ಸಂಸ್ಥೆ ಮತ್ತು ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಸೇರಿ ಮಾರ್ಕ್ 2 ರೂಪಿಸಿದವು. ಕೊಯಮತ್ತೂರಿನ ಸುತ್ತಮುತ್ತ ಪರೀಕ್ಷೆ ನಡೆಯಿತು. 1979ರಲ್ಲಿ ಭಾರತೀಯ ಮಾನಕ ಐಎಸ್ 9301 ಬಂತು. ಇದಕ್ಕೆ ಪೇಟೆಂಟ್ ಇಲ್ಲ, ನಕ್ಷೆ ಎಲ್ಲರಿಗೂ ಮುಕ್ತ. ಒಬ್ಬ ತಯಾರಕನ ಹಿಡಿಗೆ ಇನ್ನೊಬ್ಬನ ಬೇರಿಂಗು ಕೂರಬೇಕು ಎಂಬ ಶಿಸ್ತು ಈ ಮಾನಕದಿಂದಲೇ ಬಂದದ್ದು. ದುರಸ್ತಿಗೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಮೊದಲು ಭಾರದ ಲೆಕ್ಕ ಮಾಡೋಣ. ಬಾವಿಯೊಳಗೆ ಪೈಪಿನ ಕೆಳತುದಿಗಿರುವ ಸಿಲಿಂಡರಿನ ಒಳವ್ಯಾಸ 63.5 ಮಿ.ಮೀ., ಪಿಸ್ಟನ್ ಓಡುವ ದೂರ 125 ಮಿ.ಮೀ. ಅಂದರೆ ಒಂದು ಒತ್ತಿಗೆ ಸುಮಾರು 0.4 ಲೀಟರ್. ನೀರು 30 ಮೀಟರ್ ಆಳದಲ್ಲಿದ್ದರೆ ಪಿಸ್ಟನ್ ಮೇಲೆ ಬೀಳುವ ನೀರಿನ ಭಾರ ಸುಮಾರು 95 ಕೆಜಿ. ಹಿಡಿಯಿಂದ ಪಿಸ್ಟನ್‌ವರೆಗೆ ಇಳಿಯುವ 12 ಮಿ.ಮೀ. ದಪ್ಪದ ರಾಡುಗಳು 30 ಮೀಟರಿಗೆ ಇನ್ನೂ 25 ಕೆಜಿಯಷ್ಟು ಸೇರಿಸುತ್ತವೆ. ಹತ್ತಿರ ಹತ್ತಿರ 120 ಕೆಜಿ! ಹಿಡಿಯ ಅನುಪಾತ 8ಕ್ಕೆ 1 ಇರುವುದರಿಂದ ಕೈಗೆ ಬರುವುದು 15 ಕೆಜಿ. ಹಿಡಿಯನ್ನು ಪೈಪಿನಿಂದ ಮಾಡದೆ ಗಟ್ಟಿ ಉಕ್ಕಿನ ಸರಳಿನಿಂದ ಮಾಡಿರುವುದು ಇದಕ್ಕಾಗಿಯೇ: ಅದರ ಸ್ವಂತ ತೂಕ ರಾಡುಗಳ ತೂಕವನ್ನು ಸರಿದೂಗಿಸುತ್ತದೆ. ಹಗುರ ಮಾಡುತ್ತೇವೆಂದು ಪೈಪಿನ ಹಿಡಿ ಬೆಸುಗೆ ಹಾಕಿಸಿದರೆ ಒತ್ತುವವರ ತೋಳಿಗೇ ಶಿಕ್ಷೆ. ಮುರಿದ ಹಿಡಿಗೆ ಬದಲಾಗಿ ಅದೇ ಅಳತೆಯ ಹಿಡಿಯನ್ನೇ ಹಾಕಬೇಕು.

ನನಗೆ ಅತಿ ಮೆಚ್ಚುಗೆಯಾದ ಭಾಗ ಚೈನು. ಹಿಡಿಯ ತಲೆಯಲ್ಲಿ ಕಮಾನಿನಾಕಾರದ ಒಂದು ತುಂಡು ಇದೆ. ಅದರ ಮೇಲೆ ಹಾಯ್ದು ಬರುವ ಚೈನಿಗೆ ರಾಡು ನೇತುಬಿದ್ದಿರುತ್ತದೆ. ಹಿಡಿ ವೃತ್ತದಲ್ಲಿ ತಿರುಗಿದರೂ ಚೈನು ಕಮಾನನ್ನು ಬಿಡುವ ಜಾಗ ಬದಲಾಗುವುದಿಲ್ಲ, ಹಾಗಾಗಿ ರಾಡು ನೆಟ್ಟಗೆ ಮೇಲೆ ಕೆಳಗೆ ಓಡುತ್ತದೆ. ಹಳೆಯ ಪಂಪುಗಳಲ್ಲಿ ಪಿನ್ನು ಹಾಕಿ ನೇರ ಜೋಡಿಸಿದ್ದ ರಾಡು ಪ್ರತಿ ಒತ್ತಿಗೂ ಅಕ್ಕಪಕ್ಕ ಎಳೆದಾಡಿ ತೂತನ್ನೇ ಅಗಲ ಮಾಡುತ್ತಿತ್ತು.

ಈ ಉಪಾಯಕ್ಕೊಂದು ಬೆಲೆಯೂ ಇದೆ. ಚೈನು ಎಳೆಯಬಲ್ಲದು, ತಳ್ಳಲಾರದು. ರಾಡು ತನ್ನ ತೂಕದಿಂದಲೇ ಕೆಳಗಿಳಿಯಬೇಕು. ನೀರು 20 ಮೀಟರಿಗಿಂತ ಕಡಿಮೆ ಆಳದಲ್ಲಿರುವ ಬಾವಿಯಲ್ಲಿ, ರಾಡುಗಳೂ ಕಡಿಮೆ ಇರುವಾಗ, ಪಿಸ್ಟನ್ ಸುತ್ತ ನೀರು ಸೋರದಂತೆ ಹಿಡಿಯುವ ಬಟ್ಟಲಿನಾಕಾರದ ವಾಷರನ್ನು ಹೊಸದಾಗಿ ಬಿಗಿಯಾಗಿ ಹಾಕಿದರೆ ರಾಡು ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಚೈನು ಸಡಿಲಾಗಿ ಮಡಚಿಕೊಳ್ಳುತ್ತದೆ, ಮುಂದಿನ ಒತ್ತಿಗೆ ಫಟ್ಟನೆ ಜಗ್ಗುತ್ತದೆ. ಈ ಜಗ್ಗಾಟ ಚೈನಿನ ಬೋಲ್ಟನ್ನೂ ರಾಡಿನ ಥ್ರೆಡ್ಡನ್ನೂ ತಿನ್ನುತ್ತದೆ. ಅಂಥ ಬಾವಿಗೆ ಚೈನಿನ ಬದಲು ಗಟ್ಟಿ ಕೊಂಡಿ ಇರುವ ಪಂಪೇ ಸರಿ. ಮಾರ್ಕ್ 2 ಎಲ್ಲ ಕಡೆಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ.

ಹಿಡಿ ತಿರುಗುವುದು 6204 ನಂಬರಿನ ಎರಡು ಮುಚ್ಚಿದ ಬಾಲ್ ಬೇರಿಂಗುಗಳ ಮೇಲೆ. ಇದಕ್ಕೆ ಎಣ್ಣೆ ಬಿಡುವ ಕೆಲಸವಿಲ್ಲ. ಬೈಕಿನ ಅಂಗಡಿಯಲ್ಲೂ ಸಿಗುವ ಅಳತೆ. ಎರಡರ ನಡುವೆ ಒಂದು ಸ್ಪೇಸರ್ ಕೊಳವೆ ಇರುತ್ತದೆ. ಅದು ಕಳೆದುಹೋಯಿತೆಂದು ಹಾಗೆಯೇ ಜೋಡಿಸಿ ನಟ್ಟು ಬಿಗಿದರೆ ಒಳಬಳೆಗಳು ಒಂದರ ಕಡೆಗೊಂದು ತಳ್ಳಲ್ಪಟ್ಟು ಬೇರಿಂಗು ಬಿಗಿದುಕೊಳ್ಳುತ್ತದೆ. ಕೂರಿಸುವಾಗ ಪೆಟ್ಟು ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಗೆ ಹೊಡೆದರೆ ಗುಂಡುಗಳು ಬಳೆಯಲ್ಲಿ ಗುಳಿ ಮಾಡುತ್ತವೆ, ಆ ಬೇರಿಂಗು ಹೆಚ್ಚು ದಿನ ಬರುವುದಿಲ್ಲ. ಹಿಡಿ ತಿರುಗುವ ಅಚ್ಚನ್ನು, ಅಂದರೆ ಆಕ್ಸಲನ್ನು, ಹೊರತೆಗೆಯಲು ಅದಕ್ಕೆಂದೇ ಇರುವ ಪಂಚನ್ನು ಬಳಸಬೇಕು. ಸುತ್ತಿಗೆಯಿಂದ ನೇರ ಹೊಡೆದರೆ ತುದಿಯ ಥ್ರೆಡ್ ಅರಳಿ ನಟ್ಟು ಮತ್ತೆ ಹತ್ತುವುದಿಲ್ಲ.

ಬಿಚ್ಚುವ ಮುಂಚೆ ನಾನು ಬಕೆಟ್ ಇಟ್ಟು ಅಳೆಯುತ್ತೇನೆ. ನೀರು ಸತತವಾಗಿ ಬರತೊಡಗಿದ ಮೇಲೆ 40 ಒತ್ತು ಎಣಿಸಬೇಕು. ಲೆಕ್ಕದಂತೆ 16 ಲೀಟರಿಗೆ ಹತ್ತಿರ ಬರಬೇಕು, 12ಕ್ಕಿಂತ ಕಡಿಮೆ ಬಂದರೆ ತೆರೆಯುವುದು ಒಳ್ಳೆಯದು. ಆಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಬೇಕು. ಮೊದಲ ಒಂದೆರಡು ಒತ್ತಿಗೇ ನೀರು ಬಂದು ಪ್ರಮಾಣ ಮಾತ್ರ ಕಡಿಮೆಯಿದ್ದರೆ ಪಿಸ್ಟನ್ ವಾಷರ್ ಸವೆದಿದೆ. ಬಹಳ ಹೊತ್ತು ಒತ್ತಿದ ಮೇಲೆ ಬಂದರೆ ಸಿಲಿಂಡರಿನ ತಳದಲ್ಲಿರುವ ಕೆಳವಾಲ್ವಿನಲ್ಲೋ ಪೈಪಿನ ಜಾಯಿಂಟಿನಲ್ಲೋ ಸೋರಿಕೆ ಇದೆ, ಅಥವಾ ಬಾವಿಯ ನೀರೇ ಇಳಿದಿದೆ. ಹಿಡಿ ಗಾಳಿಯಲ್ಲಿ ಆಡಿಸಿದಂತೆ ಹಗುರವಾಗಿ ನೀರೇ ಬಾರದಿದ್ದರೆ ರಾಡು ಎಲ್ಲೋ ಕಳಚಿದೆ. ಹಿಡಿ ಅಕ್ಕಪಕ್ಕ ಅಲುಗಾಡಿದರೆ ಆಕ್ಸಲ್ ನಟ್ಟು ಸಡಿಲ ಅಥವಾ ಬೇರಿಂಗು ಹೋಗಿದೆ. ಇದಕ್ಕೆ ಪೈಪು ಎತ್ತುವ ಅಗತ್ಯವಿಲ್ಲ.

ತಲೆಭಾಗ ಬಿಚ್ಚಲು 17 ಮತ್ತು 19ರ ಸ್ಪ್ಯಾನರ್ ಸಾಕು, ಏಕೆಂದರೆ ಬೋಲ್ಟುಗಳು ಎಂ10 ಮತ್ತು ಎಂ12 ಎರಡೇ ಅಳತೆಯವು. ಮುಂದಿನ ಮುಚ್ಚಳ ತೆಗೆದು, ಹಿಡಿಯನ್ನು ಕೆಳಗೊತ್ತಿ ರಾಡು ಮೇಲೆ ಬಂದಾಗ ಚೈನನ್ನು ರಾಡಿಗೆ ಸೇರಿಸುವ ಚೈನ್ ಕಪ್ಲಿಂಗಿನ ಕೆಳಗೆ ಆಧಾರದ ತುಂಡನ್ನು ತೂರಿಸಬೇಕು. ನಂತರ ಹಿಡಿ ಎತ್ತಿದರೆ ಭಾರವೆಲ್ಲ ಆ ತುಂಡಿನ ಮೇಲೆ ಕೂತು ಚೈನು ಸಡಿಲಾಗುತ್ತದೆ. ಆಗ ಮಾತ್ರ ಚೈನಿನ ಬೋಲ್ಟು ಬಿಚ್ಚಬೇಕು, ಮೊದಲೇ ಬಿಚ್ಚಿದರೆ ರಾಡು ಕೈಗೆ ಸಿಗದೆ ಕೆಳಗಿಳಿಯುತ್ತದೆ. ಆ ಬೋಲ್ಟಿನ ನೈಲಾಕ್ ನಟ್ಟನ್ನು ತೆಗೆದ ಮೇಲೆ ಮತ್ತೆ ಬಳಸದೆ ಹೊಸದನ್ನೇ ಹಾಕುತ್ತೇನೆ. ಅದರ ನೈಲಾನ್ ಬಳೆ ಒಮ್ಮೆ ಸಡಿಲಾದರೆ ಪಂಪಿನ ಕುಲುಕಾಟಕ್ಕೆ ನಿಲ್ಲುವುದಿಲ್ಲ. ಚೈನಿಗೆ ಗ್ರೀಸ್ ಹಚ್ಚುವುದೂ ಇದೇ ಮುಚ್ಚಳದಿಂದ.

ಪೈಪು ಎತ್ತುವುದು ಬೇರೆಯದೇ ಕೆಲಸ. 32 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು 3 ಮೀಟರಿನದು ಒಂದೊಂದೂ ಹತ್ತು ಕೆಜಿಯ ಆಸುಪಾಸು. 30 ಮೀಟರಿಗೆ ಪೈಪೇ 100 ಕೆಜಿ, ಒಳಗಿನ ನೀರು 30 ಕೆಜಿ, ಜೊತೆಗೆ ರಾಡು ಮತ್ತು ಸಿಲಿಂಡರು. ಇಷ್ಟನ್ನೂ ಒಂದು ಕ್ಲಾಂಪು ಹಿಡಿದಿರಬೇಕು. ಕ್ಲಾಂಪಿನ ಹಲ್ಲು ಸವೆದಿದ್ದರೆ, ಪೈಪಿಗೆ ಗ್ರೀಸ್ ಮೆತ್ತಿದ್ದರೆ ಇಡೀ ಸಾಲು ಜಾರಿ ಬೋರಿನ ತಳ ಸೇರುತ್ತದೆ. ಅದನ್ನು ಮೀನುಗಾಳದಂಥ ಕೊಕ್ಕೆ ಬಿಟ್ಟು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಪೈಪು ಒರೆಸಿ, ಹಲ್ಲು ನೋಡಿ, ಆಮೇಲೆ ಕೈ ಹಾಕಬೇಕು.

ಸಿಲಿಂಡರು ಮೇಲೆ ಬಂದ ನಂತರದ ಕೆಲಸ ಚಿಕ್ಕದು. ಹಿತ್ತಾಳೆಯ ಒಳಬಳೆಗೆ ಬೆರಳು ಸವರಿ ಗೀರು ಇದೆಯೇ ನೋಡಬೇಕು. ಮರಳು ಬರುವ ಬಾವಿಯಲ್ಲಿ ಉದ್ದುದ್ದ ಗೀರುಗಳು ಬಿದ್ದಿರುತ್ತವೆ. ಅಂಥ ಬಳೆಗೆ ಎಷ್ಟು ಹೊಸ ವಾಷರ್ ಹಾಕಿದರೂ ನೀರು ಜಾರಿ ಇಳಿಯುತ್ತದೆ. ಚರ್ಮದ ವಾಷರಾದರೆ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ ಹಾಕಬೇಕು, ನೈಟ್ರೈಲ್ ರಬ್ಬರಿನದಕ್ಕೆ ಅದು ಬೇಡ. ಬಟ್ಟಲಿನ ಬಾಯಿ ಮೇಲಕ್ಕಿರಬೇಕು; ನೀರಿನ ಒತ್ತಡವೇ ಅಂಚನ್ನು ಗೋಡೆಗೆ ಅಗಲಿಸಿ ಹಿಡಿಸುತ್ತದೆ.

ಕೊನೆಯ ರಾಡಿನ ಉದ್ದವನ್ನು ಅಂದಾಜಿನಲ್ಲಿ ಬಿಡಬಾರದು. ಪಿಸ್ಟನ್ ಸಿಲಿಂಡರಿನ ತಳ ಮುಟ್ಟಿ ಕೂತಿರುವಾಗ ಪಂಪಿನ ತಲೆಯ ಕೆಳಗಿರುವ ನೀರಿನ ತೊಟ್ಟಿಯ ಮೇಲಂಚಿನ ಚಪ್ಪಟೆ ಪಟ್ಟಿಯ (ಫ್ಲಾಂಜ್) ಮಟ್ಟಕ್ಕೆ ಗುರುತು ಹಾಕಿ, ರಾಡು ಎತ್ತಿ ವೈಸಿನಲ್ಲಿ ಹಿಡಿದು, ಗುರುತಿಗೆ ಸರಿಯಾಗಿ ಕತ್ತರಿಸಿ, ಎಂ12 ಥ್ರೆಡ್ ಹಾಕುತ್ತೇನೆ. ಉದ್ದವಾದರೆ ಪಿಸ್ಟನ್ ತಳಕ್ಕೆ ಬಡಿದು ಚೈನು ಸಡಿಲಾಗುತ್ತದೆ, ಗಿಡ್ಡವಾದರೆ ಮೇಲಿನ ಮುಚ್ಚಳಕ್ಕೆ ಬಡಿಯುತ್ತದೆ. ಕತ್ತರಿಸುವಾಗ ಉದುರುವ ಲೋಹದ ಪುಡಿ ಪೈಪಿನೊಳಗೆ ಬೀಳದಂತೆ ಬಟ್ಟೆ ತುರುಕಿರಬೇಕು, ಆ ಪುಡಿ ಹೋಗಿ ಕೂರುವುದು ಕೆಳವಾಲ್ವಿನ ಮೇಲೆಯೇ.

ಮಾರ್ಕ್ 2ರ ಒಂದು ಕೊರತೆ ಇದರಲ್ಲೇ ಗೊತ್ತಾಗುತ್ತದೆ: ಅತಿ ಅಗ್ಗದ ವಾಷರ್ ಅತಿ ಆಳದಲ್ಲಿದೆ. ಅದನ್ನು ಬದಲಿಸಲು ಪೂರ್ತಿ ಪೈಪು ಎತ್ತಬೇಕು, ಗಾಡಿ ಮತ್ತು ಆಳುಗಳು ಬೇಕು. 1980ರ ದಶಕದಲ್ಲಿ ಕೊಯಮತ್ತೂರಿನ ಪ್ರಯೋಗಗಳಿಂದ ಬಂದ ಮಾರ್ಕ್ 3 ಇದನ್ನು ಸರಿಪಡಿಸಿತು. ಅದರಲ್ಲಿ ಪೈಪು 65 ಮಿ.ಮೀ.ನದು, ಸಿಲಿಂಡರಿನ ಬಾಯಿ ತೆರೆದಿದೆ. ಪೈಪನ್ನು ಅಲ್ಲೇ ಬಿಟ್ಟು ರಾಡುಗಳನ್ನಷ್ಟೇ ಎಳೆದರೆ ಪಿಸ್ಟನ್ ಮತ್ತು ಕೆಳವಾಲ್ವು ಎರಡೂ ಮೇಲೆ ಬರುತ್ತವೆ. ಪೈಪಿನ ಖರ್ಚು ಮತ್ತು ತೂಕ ಹೆಚ್ಚು. 3 ಮೀಟರಿನ ಒಂದು ತುಂಡೇ 20 ಕೆಜಿಯ ಹತ್ತಿರ. ಆದರೂ ವಾಷರ್ ಬದಲಿಸುವ ಕೆಲಸ ಊರಿನವರ ಕೈಗೇ ಬರುವುದರಿಂದ ಹೊಸದಾಗಿ ಕೂರಿಸುವ ಕಡೆ ನಾನು ಮಾರ್ಕ್ 3 ಕೇಳುತ್ತೇನೆ.

ಜಿಐ ಪೈಪಿನ ಶತ್ರು ಹುಳಿ ನೀರು. ಕರಾವಳಿಯ ಜಂಬಿಟ್ಟಿಗೆ ನೆಲದಂಥ ಕಡೆ ಪಿಹೆಚ್ 6.5ಕ್ಕಿಂತ ಇಳಿದರೆ ಸತುವಿನ ಲೇಪ ಬೇಗ ಕರಗಿ ಪೈಪು ತುಕ್ಕು ಹಿಡಿಯುತ್ತದೆ. ಬೆಳಗಿನ ಮೊದಲ ಕೊಡ ಕೆಂಪಾಗಿ ಬಂದು, ಒತ್ತುತ್ತಾ ಹೋದಂತೆ ತಿಳಿಯಾದರೆ ಕಬ್ಬಿಣ ಬರುತ್ತಿರುವುದು ಪೈಪಿನಿಂದ. ಕೊನೆಯವರೆಗೂ ಕೆಂಪೇ ಇದ್ದರೆ ನೆಲದಿಂದ. ಮೊದಲನೆಯದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಮತ್ತು ರಾಡು ಹಾಕಿಸಬೇಕು. ಮತ್ತೆ ಜಿಐ ಹಾಕುವುದು ಹಣ ಬಾವಿಗೆ ಸುರಿದಂತೆ.

ತಲೆ ಕೂರಿಸುವ ಮುಂಚೆ ಬಾವಿಗೆ ಔಷಧಿ ಹಾಕದೆ ಬಿಡಬಾರದು, ಪೈಪುಗಳೆಲ್ಲ ನೆಲದಲ್ಲಿ ಬಿದ್ದೆದ್ದು ಬಂದಿರುತ್ತವೆ. 150 ಮಿ.ಮೀ. ಬೋರಿನಲ್ಲಿ 30 ಮೀಟರ್ ನೀರು ನಿಂತಿದ್ದರೆ ಅದು ಸುಮಾರು 530 ಲೀಟರ್. ಅದಕ್ಕೆ 25 ಶೇಕಡಾ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ 110 ಗ್ರಾಂ ಸಾಕು. ಒಂದು ಬಕೆಟ್ ನೀರಿನಲ್ಲಿ ಕಲಸಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸುರಿಯಬೇಕು. ತಲೆ ಕೂರಿಸಿ, ಮೂತಿಯಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ಒತ್ತಿ, ಹಿಡಿಯನ್ನು ಹಗ್ಗದಿಂದ ಕಟ್ಟಿ ರಾತ್ರಿ ಬಿಡಬೇಕು. ಬೆಳಗ್ಗೆ ವಾಸನೆ ಹೋಗುವವರೆಗೆ ಒತ್ತಿ ಚೆಲ್ಲಿದ ಮೇಲೆ ಕೊಡ ಇಡಬಹುದು.