ಗಾಳಿಪಟಕ್ಕೊಂದು ರಿಂಗ್ ಕಟ್ಟಿದ್ದು

ರಿಂಗ್ ಎಂದರೆ ಕೂಡಿಸುವುದು, ಕಳೆಯುವುದು, ಗುಣಿಸುವುದು ನಡೆಯುವ ಅಂಶಗಳ ಗುಂಪು. ಒಳಗಿನವನ್ನು ಕೂಡಿಸಿದರೂ, ರಿಂಗಿನ ಯಾವುದರಿಂದ ಗುಣಿಸಿದರೂ ಹೊರಗೆ ಹೋಗದ ಭಾಗ ಐಡಿಯಲ್. ಅದು ಇಡೀ ರಿಂಗ್ ಆಗಿರದೆ, ಎರಡು ಅಂಶಗಳ ಗುಣಲಬ್ಧ ಅದರಲ್ಲಿದ್ದಾಗ ಅವುಗಳಲ್ಲೊಂದಾದರೂ ಅದರಲ್ಲಿದ್ದರೆ ಪ್ರೈಮ್. ರಿಂಗಿನ ಪ್ರೈಮ್ ಐಡಿಯಲ್‌ಗಳನ್ನು ನಾನು ಚುಕ್ಕೆ ಹಾಕಿ, ಗೆರೆ ಎಳೆದೇ ನೋಡುವುದು. ಒಂದರೊಳಗೆ ಇನ್ನೊಂದಿದ್ದರೆ ಚಿಕ್ಕದು ಕೆಳಗೆ, ದೊಡ್ಡದು ಮೇಲೆ. ಆ ಚಿತ್ರವೇ ರಿಂಗಿನ ಪೋಸೆಟ್, ಅಂದರೆ ಭಾಗಶಃ ಕ್ರಮವಿರುವ ಗಣ. ಚುಕ್ಕೆಗಳು ಪರಿಮಿತವಾಗಿದ್ದರೆ ಸಾಕು, ಯಾವ ಪೋಸೆಟ್‌ಗಾದರೂ ಒಂದು ಕಮ್ಯುಟೇಟಿವ್ (ಗುಣಿಸುವ ಕ್ರಮ ಬದಲಿಸಿದರೂ ಉತ್ತರ ಬದಲಾಗದ) ರಿಂಗ್ ಇದ್ದೇ ಇದೆ ಎಂದು ಗಣಿತಜ್ಞ ಲೂಯಿಸ್ 1973ರಲ್ಲಿ ತೋರಿಸಿದರು. ಪ್ರಮೇಯ ಒಪ್ಪಿದೆ. ಆದರೆ ಕೈಯಾರೆ ಒಂದನ್ನು ಕಟ್ಟದೆ ಸಮಾಧಾನವಾಗಲಿಲ್ಲ.

ಮೂರು ಚುಕ್ಕೆಯವು ಸುಲಭ. ಛೇದದಲ್ಲಿ 2 ಆಗಲಿ 3 ಆಗಲಿ ಅಪವರ್ತನವಾಗಿ ಬಾರದ ಭಿನ್ನರಾಶಿಗಳನ್ನು ತೆಗೆದುಕೊಳ್ಳಿ. ಕೆಳಗೆ ಸೊನ್ನೆಯೊಂದೇ ಇರುವ ಐಡಿಯಲ್, ಮೇಲೆ 2ರ ಗುಣಕಗಳದ್ದು, 3ರ ಗುಣಕಗಳದ್ದು. ಕವೆ ಸಿಕ್ಕಿತು. ನಾನು ಸಿಕ್ಕಿಹಾಕಿಕೊಂಡಿದ್ದು ಗಾಳಿಪಟದಲ್ಲಿ: ಕೆಳಗೊಂದು, ನಡುವೆ ಅಕ್ಕಪಕ್ಕ ಎರಡು, ತುದಿಯಲ್ಲೊಂದು.

ಒಂದು ವಾರ ಪಾಲಿನೋಮಿಯಲ್ ರಿಂಗ್‌ಗಳನ್ನು ಲೋಕಲೈಸ್ ಮಾಡಿ ಮಾಡಿ, ಅಂದರೆ ಕೆಲವು ಅಂಶಗಳನ್ನು ಛೇದದಲ್ಲಿ ಬರಲು ಬಿಟ್ಟು, ನೋಡಿದೆ. ನಡುವಿನ ಚುಕ್ಕೆ ಎರಡಕ್ಕೆ ನಿಲ್ಲಲೇ ಇಲ್ಲ. ಆಮೇಲೆ ಹೊಳೆಯಿತು, ನೀಥೇರಿಯನ್ ರಿಂಗಿನಲ್ಲಿ, ಅಂದರೆ ಐಡಿಯಲ್ ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಕೊನೆಯಿಲ್ಲದೆ ಬೆಳೆಯಲಾರದ ರಿಂಗಿನಲ್ಲಿ, ಇದು ಆಗುವ ಮಾತೇ ಅಲ್ಲ. ತುದಿಯ ಐಡಿಯಲ್‌ನಲ್ಲಿ, ನಡುವಿನ ಎರಡರಲ್ಲೂ ಇಲ್ಲದ ಒಂದು ಅಂಶ ಇರಲೇಬೇಕು. ಅದು ಇರುವ ಪ್ರೈಮ್‌ಗಳಲ್ಲಿ ಅತಿ ಚಿಕ್ಕದನ್ನು ಹಿಡಿಯಿರಿ. ನೀಥೇರಿಯನ್ ರಿಂಗುಗಳ ಬಗೆಗಿನ ಕ್ರುಲ್ ಪ್ರಮೇಯದ ಪ್ರಕಾರ ಅದರ ಎತ್ತರ, ಅಂದರೆ ಚಿತ್ರದಲ್ಲಿ ಅದರಿಂದ ಕೆಳಕ್ಕೆ ಇಳಿಯಬಹುದಾದ ಅತಿ ಹೆಚ್ಚು ಮೆಟ್ಟಿಲು, 1ನ್ನು ದಾಟುವಂತಿಲ್ಲ. ತುದಿಯದರ ಎತ್ತರ 2, ಹಾಗಾಗಿ ಅದು ತುದಿಯದಲ್ಲ. ಸೊನ್ನೆಯೂ ಅಲ್ಲ, ಆ ಎರಡೂ ಅಲ್ಲ. ನಡುವೆ ಮೂರನೆಯದು ಬಂತು ಅಲ್ವಾ! ಹೀಗೇ ನಾಲ್ಕನೆಯದು, ಐದನೆಯದು. ಕೊನೆಯೇ ಇಲ್ಲ. ಈ ವಾದ ಇಷ್ಟು ಪುಟ್ಟದಾಗಿರುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ನೀಥೇರಿಯನ್ ಬಿಟ್ಟ ಮೇಲೆ ದಾರಿ ಕಂಡಿತು. ಗಾಳಿಪಟ ಅಂದರೆ ಒಂದು ಕವೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ಕವೆ. ಎರಡನ್ನೂ ಅಂಟಿಸಿದರಾಯಿತು. ಭಾಗಲಬ್ಧ ಸಂಖ್ಯೆಗಳ ಮೇಲೆ ಟಿ ಎಂಬ ಚರಾಕ್ಷರದ ಲೊರಾಂ ಸರಣಿಗಳ (ಟಿಯ ಘಾತಗಳ ಅನಂತ ಮೊತ್ತ, ಋಣ ಘಾತಗಳು ಮಾತ್ರ ಪರಿಮಿತ) ಫೀಲ್ಡ್, ಅಂದರೆ ಸೊನ್ನೆ ಬಿಟ್ಟು ಯಾವುದರಿಂದಲೂ ಭಾಗಿಸಬಹುದಾದ ರಿಂಗ್, ತೆಗೆದುಕೊಂಡೆ. ಅದರ ಮೇಲೆ ಎಕ್ಸ್‌ನ ರ‍್ಯಾಷನಲ್ ಫಂಕ್ಷನ್‌ಗಳು. ಅಂದರೆ ಒಂದು ಪಾಲಿನೋಮಿಯಲ್ ಅನ್ನು ಇನ್ನೊಂದರಿಂದ ಭಾಗಿಸಿದವು. ಅಂಥ ಒಂದನ್ನು ಎಫ್ ಎನ್ನಿ. ಎಕ್ಸ್ ಜಾಗದಲ್ಲಿ 0, 1 ಹಾಕಿದಾಗ ಬರುವ ಎಫ್(0), ಎಫ್(1) ಎರಡಕ್ಕೂ ಬೆಲೆ ಇರಬೇಕು, ಎರಡರಲ್ಲೂ ಟಿಯ ಋಣ ಘಾತ ಇರಬಾರದು, ಎರಡರ ಸ್ಥಿರಪದವೂ ಒಂದೇ ಆಗಿರಬೇಕು. ಇಂಥ ಎಫ್‌ಗಳನ್ನಷ್ಟೇ ಇಟ್ಟುಕೊಂಡೆ.

ಇದರ ಪ್ರೈಮ್‌ಗಳು ನಾಲ್ಕೇ. ಸೊನ್ನೆ, ಎಫ್(0) ಸೊನ್ನೆಯಾಗುವವು, ಎಫ್(1) ಸೊನ್ನೆಯಾಗುವವು, ಆ ಸ್ಥಿರಪದ ಸೊನ್ನೆಯಾಗುವವು. ಟಿ ಗುಣಿಸು ಎಕ್ಸ್ ಎರಡನೆಯದರಲ್ಲಿದೆ, ಮೂರನೆಯದರಲ್ಲಿಲ್ಲ. ಟಿ ಗುಣಿಸು (1−ಎಕ್ಸ್) ಇದಕ್ಕೆ ತದ್ವಿರುದ್ಧ. ಇನ್ನು ಎಕ್ಸ್(1−ಎಕ್ಸ್) ಅನ್ನು ಟಿಯಿಂದ ಎಷ್ಟು ಸಲ ಭಾಗಿಸಿದರೂ ಅದು ರಿಂಗಿನೊಳಗೇ ಉಳಿಯುತ್ತದೆ. ನೀಥೇರಿಯನ್ ಆಗದಂತೆ ತಡೆಯುವುದು ಇದೇ.