ನಿಧಾನ ಮಾಡಿ ಗಡುವು ಮುಟ್ಟಿದ ನನ್ನ ಅನುಭವ

ಕೆಲಸ ಮೈಮೇಲೆ ಬಿದ್ದಾಗ ವೇಗ ತಗ್ಗಿಸುತ್ತೇನೆ ಎಂದಾಗ, ನನ್ನಂತೆಯೇ ಸ್ವತಂತ್ರವಾಗಿ ತಂತ್ರಾಂಶ ಬರೆಯುವ ಗೆಳೆಯರು ನಕ್ಕರು. ಗ್ರಾಹಕರು ಕೈಬಿಟ್ಟು ಹೋಗುತ್ತಾರೆ ಎಂದರು. ಇಬ್ಬರು ಹೋದದ್ದು ನಿಜ. ಆದರೆ ಒಂದೂವರೆ ವರ್ಷದಿಂದ ನಾನು ತಡವಾಗಿ ಒಪ್ಪಿಸಿದ ಕೆಲಸ ಬೆರಳೆಣಿಕೆಯಷ್ಟು. ಅದಕ್ಕೆ ಮೊದಲು ಸಮಯಕ್ಕೆ ಒಪ್ಪಿಸಿದ್ದೇ ಬೆರಳೆಣಿಕೆಯಷ್ಟು!

ಕೈಕೊಟ್ಟ ಉಪಾಯಗಳಿಗೆ ಕಡಿಮೆ ಹಣ ಸುರಿದಿಲ್ಲ. ಪಟ್ಟಿ ಮಾಡುವ ಮೂರ್ನಾಲ್ಕು ಆ್ಯಪ್‌ಗಳಿಗೆ ವರ್ಷದ ಚಂದಾ ಕಟ್ಟಿದೆ. ಒಂದರಿಂದ ಇನ್ನೊಂದಕ್ಕೆ ಪಟ್ಟಿ ಸಾಗಿಸುವುದೇ ಭಾನುವಾರದ ಕೆಲಸವಾಯಿತು. 25 ನಿಮಿಷ ಕೆಲಸ ಮಾಡಿ, ಗಡಿಯಾರ ಗಂಟೆ ಬಾರಿಸಿದಾಗ ಸ್ವಲ್ಪ ವಿರಮಿಸುವ ಪೊಮೊಡೊರೊ ಪದ್ಧತಿಯನ್ನು ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿಕೊಂಡದ್ದು ವಿದ್ಯಾರ್ಥಿಯಾಗಿದ್ದಾಗ. ಮುಂದೆ ಒಂದೇ ಪುಸ್ತಕ ಇರುವವನಿಗೆ ಅದು ಸರಿ. ಹತ್ತು ಹನ್ನೆರಡು ಕೆಲಸ ಹರಡಿಕೊಂಡವನಿಗೆ ಗಂಟೆ ಬಾರಿಸಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ರಜೆ ಎಲ್ಲಕ್ಕಿಂತ ದುಬಾರಿ: ಖರ್ಚೂ ಆಯಿತು, ಬಿಲ್ಲೂ ನಿಂತಿತು, ಕೆಲಸ ಇದ್ದಲ್ಲೇ ಇತ್ತು. ಎಲ್ಲ ಸೇರಿ ಸುಮಾರು ಎರಡು ತಿಂಗಳ ಗಳಿಕೆ ಹೋಗಿರಬೇಕು.

ಈಗ ಸಿಕ್ಕಿಕೊಂಡೆ ಅನ್ನಿಸಿದ ಕೂಡಲೇ ಕೀಲಿಮಣೆಯಿಂದ ಕೈ ತೆಗೆದು, ತಲೆಯಲ್ಲಿರುವುದನ್ನೆಲ್ಲ ಕಾಗದಕ್ಕೆ ಇಳಿಸುತ್ತೇನೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ನಾನು ಪ್ರತಿ ಸಾಲಿನ ಎದುರು ಕೈಯಿಂದ ಮಾಡಬಹುದಾದ ಮುಂದಿನ ಒಂದೇ ಕ್ರಿಯೆಯನ್ನು ಬರೆಯುತ್ತೇನೆ. ‘ಪಾವತಿ ಪುಟ ಸರಿಪಡಿಸು’ ಎಂದು ಬರೆದರೆ ಅದು ಅಲ್ಲೇ ಕೊಳೆಯುತ್ತದೆ. ‘ನಿನ್ನೆಯ ಲಾಗ್ (ತಂತ್ರಾಂಶದ ದಾಖಲೆ) ತೆರೆದು ಮೊದಲ ದೋಷದ ಸಾಲು ನಕಲಿಸು’ ಎಂದರೆ ಕೆಲಸ ಶುರುವಾಗಿಬಿಡುತ್ತದೆ. ಮುಗಿಯದ ಕೆಲಸ ತಲೆ ಕೊರೆಯುವುದನ್ನು ನಿಲ್ಲಿಸಲು ಅದನ್ನು ಮುಗಿಸಲೇಬೇಕಿಲ್ಲ, ಖಚಿತ ಯೋಜನೆಯಿದ್ದರೂ ಸಾಕು ಎಂದು ಮನಶ್ಶಾಸ್ತ್ರಜ್ಞರಾದ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡರು. ನನ್ನ ನಿದ್ದೆ ಮರಳಿದ್ದೂ ಹೀಗೆಯೇ.

ಆಮೇಲೆ ಎರಡು ಕೆಲಸಗಳನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚುತ್ತೇನೆ. ವಾರಕ್ಕೆ ಎರಡು ಮುಗಿಸುವವನು ಹನ್ನೆರಡು ತೆರೆದಿಟ್ಟರೆ ಒಂದೊಂದಕ್ಕೂ ಸರಾಸರಿ ಆರು ವಾರ. ಎರಡೇ ತೆರೆದರೆ ಒಂದು ವಾರ. ಇದು ಸರದಿ ಸಾಲುಗಳ ಗಣಿತದಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಲೆಕ್ಕ: ತೆರೆದಿರುವ ಕೆಲಸಗಳನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸುವುದು. ಉಳಿದ ಗ್ರಾಹಕರು ಬಾಗಿಲಾಚೆ ಕಾಯುತ್ತಾರಲ್ಲ ಎಂದು ವಾದಿಸುವವರಿದ್ದಾರೆ. ಕಾಯುತ್ತಾರೆ. ಆದರೆ ನಾನು ಹೇಳುವ ಆರಂಭದ ದಿನಾಂಕ ಸುಳ್ಳಾಗದು, ಅವರಿಗೆ ಬೇಕಾದದ್ದೂ ಅದೇ. ಯಾವ ಎರಡನ್ನು ಆರಿಸುತ್ತೇನೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅದು ನನ್ನ ಹೊಟ್ಟೆಪಾಡು. ದೊಡ್ಡ ಬಿಲ್ಲಿನವಲ್ಲ ಎಂದಷ್ಟೇ ಹೇಳಬಲ್ಲೆ.

ಮೊದಲ ಮೂರ್ನಾಲ್ಕು ತಿಂಗಳು ಮುಂಗಡಗಳು ನಿಂತು ಆದಾಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿಯಿತು. ಕೈಯಲ್ಲಿ ಅಷ್ಟು ಉಳಿತಾಯವಿಲ್ಲದವರು ಒಮ್ಮೆಲೇ ಎರಡಕ್ಕೆ ಇಳಿಯಬಾರದು, ಐದರಿಂದ ಶುರು ಮಾಡಲಿ. ನಂತರ ಪುಕ್ಕಟೆ ಮರುದುರಸ್ತಿ ತಪ್ಪಿದ್ದರಿಂದಲೇ ಆದಾಯ ಹಳೆಯ ಮಟ್ಟ ದಾಟಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನಿಧಾನವಾಗಿ ಟೈಪ್ ಮಾಡುವುದು ಶುದ್ಧ ದಂಡ. ಕೋಡನ್ನು ಗಟ್ಟಿಯಾಗಿ ಓದಿದರೆ ದೋಷ ಸಿಗುತ್ತದೆ, ಗಂಟಲು ಹೋಗುತ್ತದೆ. ನಾಲ್ಕು ಎಣಿಸಿ ಉಸಿರು ಎಳೆದು ಆರು ಎಣಿಸಿ ಬಿಡುವುದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ, ಪಟ್ಟಿ ಬರೆಯುವ ಮೊದಲು ಐದು ನಿಮಿಷ ಸಾಕು. ಇಮೇಲನ್ನು ದಿನಕ್ಕೆ ಎರಡೇ ಸಲ ನೋಡುವುದು ಅರ್ಧ ಗೆದ್ದಿದೆ: ಈಗ ಗ್ರಾಹಕರು ಫೋನ್ ಮಾಡುತ್ತಾರೆ.